ಹಾರ್ಡ್‌ವೇರ್ ಅಂಗಡಿಯ ರೀಪಿನಿಂದ ಮಾಡಿದ ಬಿಲ್ಲು ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಆರಡಿ ಉದ್ದ, ಎರಡಿಂಚು ಅಗಲ, ಮುಕ್ಕಾಲಿಂಚು ದಪ್ಪದ ಒಂದು ಮರದ ಪಟ್ಟಿ ಇದ್ದರೆ 35ರಿಂದ 40 ಪೌಂಡ್ ಎಳೆತದ ಬಿಲ್ಲು ಮಾಡಬಹುದು. ಪಟ್ಟಿ ಅಗ್ಗ. ಒಂದು ಕೀಸುಳಿ, ಒಂದು ಅರ, ಸ್ವಲ್ಪ ಸ್ಯಾಂಡ್ ಪೇಪರ್ ಇದ್ದರೆ ಕೆಲಸ ನಡೆಯುತ್ತದೆ. ಬಿಲ್ಲು ಸರಿಬರದಿದ್ದಾಗ ಹೆಚ್ಚಿನವರು ಮಾಡುವುದು ಒಂದೇ: ಮತ್ತೆ ಅರ ಹಿಡಿದು ಇನ್ನಷ್ಟು ಉಜ್ಜುವುದು. ಮಂಗಳೂರು, ಉಡುಪಿ ಕಡೆ ಅದು ತಪ್ಪು ಆರಂಭ. ಇಲ್ಲಿ ಬಿಲ್ಲು ಕೆಡುವುದಕ್ಕೆ ಬಹುಪಾಲು ಎರಡೇ ಕಾರಣ: ಮರದೊಳಗಿನ ತೇವ, ಇಲ್ಲವೇ ನಾರು ಓಡಿರುವ ದಿಕ್ಕು. ಎರಡನ್ನೂ ಅರದಿಂದ ತಿದ್ದಲು ಬರುವುದಿಲ್ಲ. ಅದಕ್ಕೇ ಈ ಕೈಪಿಡಿಯಲ್ಲಿ ತಕ್ಕಡಿ ಮೊದಲು, ಅರ ಆಮೇಲೆ.

ಮುಂದೆ ಬರುವ ಕೆಲವು ಹೆಸರುಗಳು: ಗುರಿಯ ಕಡೆಗಿರುವ ಮೈ ಬೆನ್ನು, ಎಳೆಯುವವರ ಕಡೆಗಿರುವುದು ಹೊಟ್ಟೆ. ಹಿಡಿಯಿಂದ ಮೇಲಕ್ಕೂ ಕೆಳಕ್ಕೂ ಹೋಗುವ ಭಾಗಗಳು ತೋಳು. ತುಂಡು ಅಂಟಿಸಿ ದಪ್ಪ ಮಾಡಿದ ಹಿಡಿ ತೆಳು ತೋಳಿಗೆ ಇಳಿಯುವ ಜಾಗ ಇಳಿಜಾರು. ತುದಿಯಲ್ಲಿ ಹೆದೆ ಕೂರುವ ಗೀರು ಕೊಪ್ಪು. ಹೆದೆಯನ್ನು ಪೂರ್ತಿ ಎಳೆಯಲು ಬೇಕಾಗುವ ಬಲ ಬಿಲ್ಲಿನ ಭಾರ.

ಯಾವ ಪರೀಕ್ಷೆಗೂ ಮೊದಲು

ಬಾಣ ಹೂಡದೆ ಹೆದೆ ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ತೋಳಿಗೇ ಮರಳುತ್ತದೆ. ಚೆನ್ನಾಗಿದ್ದ ಬಿಲ್ಲೂ ಒಂದೇ ಸಲಕ್ಕೆ ಸೀಳಬಹುದು. ಮನೆಗೆ ಬಂದ ನೆಂಟರು ಮೊದಲು ಮಾಡುವುದು ಇದನ್ನೇ, ಆದ್ದರಿಂದ ಹೆದೆ ಏರಿಸಿದ ಬಿಲ್ಲನ್ನು ಗೋಡೆಗೆ ತೂಗುಹಾಕಿ ಬಿಡಬೇಡಿ.

ಬಾಗು ಪರೀಕ್ಷಿಸುವಾಗ ಕೈಯಲ್ಲಿ ಎಳೆಯಬೇಡಿ. ಗೋಡೆಗೆ ಗಟ್ಟಿಯಾಗಿ ಕೂರಿಸಿದ ಕಂಬದ ಮೇಲೆ ಬಿಲ್ಲಿನ ಹಿಡಿಯನ್ನು ಇಟ್ಟು, ಹೆದೆಗೆ ಹಗ್ಗ ಕಟ್ಟಿ, ಕೆಳಗೆ ಬಿಗಿದ ಸಣ್ಣ ರಾಟೆಯ ಮೂಲಕ ಹಗ್ಗ ತಂದು ಮೂರು ಮೀಟರ್ ದೂರದಿಂದ ಎಳೆಯಿರಿ. ಬಾವಿಯ ಹಳೆ ರಾಟೆ ಇದಕ್ಕೆ ಧಾರಾಳ ಸಾಕು. ಹೆದೆಗೂ ಹಗ್ಗಕ್ಕೂ ನಡುವೆ ಲಗೇಜ್ ತೂಗುವ ಡಿಜಿಟಲ್ ತಕ್ಕಡಿ ಸಿಕ್ಕಿಸಿ. ಕಣ್ಣಿಗೆ ಕನ್ನಡಕ ಇರಲಿ. ದೂರದಿಂದ ಎಳೆಯುವುದರಲ್ಲಿ ಇನ್ನೊಂದು ಲಾಭ: ಇಡೀ ಬಾಗು ಒಂದೇ ನೋಟಕ್ಕೆ ಕಾಣುತ್ತದೆ.

ಕೊನೆಗೆ ಬೇಕಾದ ಭಾರಕ್ಕಿಂತ ಹೆಚ್ಚು ಬಲ ಹಾಕಿ ಯಾವ ಹಂತದಲ್ಲೂ ಎಳೆಯಬಾರದು. 38 ಪೌಂಡ್ ಬೇಕಿದ್ದರೆ ತಕ್ಕಡಿ 17 ಕಿಲೋ ತೋರಿಸಿದ ಕಡೆ ನಿಲ್ಲಿಸಿ, ಹೆದೆ 20 ಇಂಚಿಗೆ ಮಾತ್ರ ಬಂದಿದ್ದರೂ ಸರಿ. ಈ ಒಂದು ಕಟ್ಟುಪಾಡು ಮುಂದಿನ ಅರ್ಧ ದೋಷಗಳನ್ನು ಹುಟ್ಟುವ ಮೊದಲೇ ತಡೆಯುತ್ತದೆ.

ಹೆದೆ ಹಿಡಿಯ ನಡುವೆ ಬರುತ್ತಿಲ್ಲ

ಮೊದಲು ಹೆದೆ ಇಳಿಸಿ ಪಟ್ಟಿಯನ್ನೇ ನೋಡಿ. ಒಂದು ತುದಿಯಿಂದ ಒಕ್ಕಣ್ಣಿನಲ್ಲಿ ನೋಡಿದರೆ ಪಟ್ಟಿ ಪಕ್ಕಕ್ಕೆ ಸೊಟ್ಟಗಿದೆಯೋ ಇಲ್ಲವೋ ತಿಳಿಯುತ್ತದೆ. ಪಟ್ಟಿ ನೆಟ್ಟಗಿದ್ದು ಹೆದೆ ನಾಲ್ಕೈದು ಮಿಲಿಮೀಟರ್ ಮಾತ್ರ ಎಡಕ್ಕೆ ಹೋಗಿದ್ದರೆ, ಕೊಪ್ಪಿನ ಎಡಗಡೆಯ ಗೀರನ್ನು ದುಂಡು ಅರದಿಂದ ಒಂದು ಮಿಲಿಮೀಟರ್ ಆಳ ಮಾಡಿ. ಹೆದೆಯ ಕುಣಿಕೆ ಬಲಕ್ಕೆ ಜರುಗುತ್ತದೆ. ಬಲಕ್ಕೆ ಹೋಗಿದ್ದರೆ ಬಲಗಡೆಯ ಗೀರು. ಹಿಡಿಯಲ್ಲಿ ಮರ ಧಾರಾಳ ಇದ್ದರೆ ಹಿಡಿಯ ಒಂದು ಪಕ್ಕವನ್ನೇ ಕೆತ್ತಿ ನಡು ಹೊಂದಿಸಬಹುದು. ಅದು ಇನ್ನೂ ಸುಲಭ.

ಹೆದೆ ಏರಿಸಿದಾಗ ಮಾತ್ರ ತುದಿ ತಿರುಚಿಕೊಂಡರೆ ತೋಳಿನ ಒಂದು ಅಂಚು ಇನ್ನೊಂದಕ್ಕಿಂತ ದಪ್ಪ ಇದೆ ಎಂದರ್ಥ. ತುದಿ ಯಾವಾಗಲೂ ತೆಳು ಅಂಚಿನ ಕಡೆಗೆ ಒಲಿಯುತ್ತದೆ. ಎಡಕ್ಕೆ ಒಲಿದಿದ್ದರೆ ಹೊಟ್ಟೆಯ ಬಲ ಅಂಚಿನಿಂದ ಮರ ತೆಗೆಯಿರಿ. ಕ್ಯಾಲಿಪರ್ ಇದ್ದರೆ ಐದೈದು ಸೆಂಟಿಮೀಟರಿಗೆ ಎರಡೂ ಅಂಚು ಅಳೆದು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಅರ್ಧ ಮಿಲಿಮೀಟರ್ ವ್ಯತ್ಯಾಸವೂ ತಿರುಚಲು ಸಾಕು. ಬೆನ್ನನ್ನು ಮಾತ್ರ ಮುಟ್ಟಬೇಡಿ. ಈ ಬಿಲ್ಲಿನಲ್ಲಿ ಮರ ತೆಗೆಯುವುದೆಲ್ಲ ಹೊಟ್ಟೆಯಿಂದ, ಇಲ್ಲವೇ ಪಕ್ಕದಿಂದ.

ಬಾಣ ಬಿಟ್ಟಾಗ ಕೈಗೆ ಏಟು, ಮುಂಗೈಗೆ ಹೆದೆಯ ಬಡಿತ

ಹೆದೆ ಏರಿಸಿದಾಗ ಹಿಡಿಯ ಹೊಟ್ಟೆಯಿಂದ ಹೆದೆಗೆ ಇರುವ ದೂರ 15ರಿಂದ 17 ಸೆಂಟಿಮೀಟರ್ ಇರಲಿ. ಅದಕ್ಕಿಂತ ಕಡಿಮೆ ಇದ್ದರೆ ಹೆದೆಯನ್ನು ಹೊಸೆದು ಗಿಡ್ಡ ಮಾಡಿ. ಅರ್ಧ ದೂರು ಅಲ್ಲೇ ತೀರುತ್ತದೆ. ಒಂದು ಹೊತ್ತು ಸರಿಯಿದ್ದು ಮತ್ತೆ ಸಡಿಲವಾಗುತ್ತಿದ್ದರೆ ಹೆದೆಯ ದಾರ ಹಿಗ್ಗುತ್ತಿದೆ. ಮಲ್ಪೆಯ ಬಲೆ ಅಂಗಡಿಯ ನೈಲಾನ್ ಹುರಿ ಗಟ್ಟಿ ನಿಜ, ಆದರೆ ಎಳೆದಷ್ಟೂ ಹಿಗ್ಗುತ್ತದೆ. ಬಿಲ್ಲಿಗೆ ಪಾಲಿಯೆಸ್ಟರ್ ಬೇಕು. ಬಿಲ್ಲುಗಾರಿಕೆಗೆಂದೇ ಮಾರುವ ಡೇಕ್ರಾನ್ ಬಿ-50 ದಾರದ 12 ಎಳೆ 40 ಪೌಂಡಿಗೆ ಸಾಕು. ಡೈನೀಮಾ ಹುರಿ ತೀರಾ ಹಿಗ್ಗದ ಜಾತಿ. ತುದಿಗೆ ಗಟ್ಟಿ ಮರದ ತುಂಡು ಅಂಟಿಸದಿದ್ದರೆ ಕೊಪ್ಪನ್ನೇ ಕೊರೆದುಬಿಡುತ್ತದೆ.

ದೂರ ಸರಿಯಿದ್ದೂ ಕೈ ಅದುರಿದರೆ ತುದಿಗಳು ಭಾರ. ಕೊನೆಯ 15 ಸೆಂಟಿಮೀಟರನ್ನು ಪಕ್ಕದಿಂದ ಸಣ್ಣ ಮಾಡುತ್ತ ತುದಿಯಲ್ಲಿ 12 ಮಿಲಿಮೀಟರ್ ಅಗಲಕ್ಕೆ ತನ್ನಿ.

ಹೆದೆ ಇಳಿಸಿದ ಮೇಲೂ ಬಿಲ್ಲು ಬಾಗಿಯೇ ಉಳಿಯುತ್ತದೆ

ಕರಾವಳಿಯಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಮೊದಲು ಅಳತೆ. ಹೆದೆ ಇಳಿಸಿದ ತಕ್ಷಣ ಎರಡೂ ತುದಿಗೆ ದಾರ ಎಳೆದು ಹಿಡಿದು, ಹಿಡಿಯ ಬೆನ್ನು ಆ ದಾರದ ನೇರದಿಂದ ಎಷ್ಟು ದೂರ ನಿಂತಿದೆ ನೋಡಿ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಸ್ವಲ್ಪ ತಾನಾಗಿ ಹಿಂದಕ್ಕೆ ಬರುತ್ತದೆ. ಒಂದಿಂಚು ಉಳಿದರೆ ಚಿಂತೆ ಬೇಡ, ಒಳ್ಳೆಯ ಬಿಲ್ಲುಗಳಲ್ಲೂ ಅಷ್ಟಿರುತ್ತದೆ. ಎರಡಿಂಚಾದರೆ ಬಿಲ್ಲು ನಿಧಾನ, ಆದರೂ ಬಳಸಬಹುದು. ಮೂರಿಂಚು ದಾಟಿದರೆ ಹೊಟ್ಟೆಯ ನಾರು ನಜ್ಜಾಗಿದೆ, ಒಣಗಿಸಿದರೂ ಮೊದಲಿನಂತಾಗುವುದಿಲ್ಲ.

ಕಾರಣ ಹುಡುಕುವಾಗ ತೇವವೇ ಮೊದಲ ಆರೋಪಿ. ಬಿಲ್ಲಿನ ಮರದಲ್ಲಿ ತೇವ ಶೇಕಡ 8ರಿಂದ 10 ಇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಗಲಿಯಲ್ಲಿಟ್ಟ ಮರ, ಎಷ್ಟು ಹಳೆಯದಾದರೂ, ಗಾಳಿಯಿಂದ ನೀರು ಹೀರಿ 18ರ ಆಸುಪಾಸಿಗೆ ಬಂದು ನಿಲ್ಲುತ್ತದೆ. "ಐದು ವರ್ಷದಿಂದ ಅಟ್ಟದಲ್ಲಿತ್ತು, ಚೆನ್ನಾಗಿ ಒಣಗಿದೆ" ಎಂಬ ಮಾತನ್ನು ಮಳೆಗಾಲದಲ್ಲಿ ನಂಬಬೇಡಿ. ಅಂಗಡಿಯ ಕಾಡುಮರದ ರೀಪು ಇನ್ನೂ ಹಸಿ. ಸಾಮಿಲ್ಲಿನಿಂದ ನೇರ ಬಂದಿರುತ್ತದೆ.

ತೇವದ ಮೀಟರ್ ಬೇಕಿಲ್ಲ. ಒಂದು ಗ್ರಾಂ ತೋರಿಸುವ ಅಡಿಗೆಮನೆಯ ತಕ್ಕಡಿ ಸಾಕು. ಪಟ್ಟಿಯನ್ನು ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. 1.2 ಕಿಲೋ ತೂಗುವ ಪಟ್ಟಿಯ ತೇವ 18ರಿಂದ 10ಕ್ಕೆ ಇಳಿದರೆ ಸುಮಾರು 80 ಗ್ರಾಂ ಕಳೆಯುತ್ತದೆ. ಮೂರು ನಾಲ್ಕು ದಿನ ತೂಕ ಕದಲದಿದ್ದರೆ ಆ ಜಾಗದ ಗಾಳಿಗೆ ಒಣಗುವಷ್ಟು ಒಣಗಿತು. ಆ ಜಾಗದ ಗಾಳಿಗೆ ಎಂಬುದನ್ನು ಗಮನಿಸಿ. ಜುಲೈಯಲ್ಲಿ ಜಗಲಿಯಲ್ಲಿ ತೂಕ ನಿಂತಿತೆಂದರೆ ಅದು 18ರಲ್ಲೇ ನಿಂತಿದೆ.

ಹಾಗಾಗಿ ಗಾಳಿಯನ್ನೇ ಬದಲಿಸಬೇಕು. ಸುಲಭದ ದಾರಿ, ರಾತ್ರಿಯಿಡೀ ಎಸಿ ಓಡುವ ಕೋಣೆಯ ಮಂಚದಡಿ. ಇನ್ನೊಂದು, ಉದ್ದದ ಪ್ಲೈವುಡ್ ಪೆಟ್ಟಿಗೆಯಲ್ಲಿ 60 ವ್ಯಾಟಿನ ಹಳೆಕಾಲದ ಬಲ್ಬು. ಎಲ್‌ಇಡಿ ಬಿಸಿಯಾಗದು, ಉಪಯೋಗವಿಲ್ಲ. 27 ಡಿಗ್ರಿಯಲ್ಲಿ ಶೇಕಡ 85 ತೇವಾಂಶವಿರುವ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇಕಡ 41ರ ಹತ್ತಿರ ಇಳಿಯುತ್ತದೆ. ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದರೂ ಪೆಟ್ಟಿಗೆಯೊಳಗೆ ಮರ ಒಣಗುವುದು ಇದರಿಂದಲೇ. ಎರಡೂ ತುದಿಯಲ್ಲಿ ಗಾಳಿ ಹೋಗಿ ಬರಲು ತೂತು ಬಿಡಿ. ಬಲ್ಬು ಮರಕ್ಕೂ ಪೆಟ್ಟಿಗೆಗೂ ತಾಗದಂತೆ ತಂತಿಬಲೆಯ ಗೂಡು ಕಟ್ಟಿ. ಥರ್ಮಾಕೋಲ್ ಪೆಟ್ಟಿಗೆ ಬೇಡ, ಮನೆಯಲ್ಲಿ ಯಾರೂ ಇಲ್ಲದಾಗ ಉರಿಸಬೇಡಿ. 45 ಡಿಗ್ರಿ ದಾಟಿಸಬೇಡಿ, ತೀರಾ ಒಣಗಿದ ಮರ ಬಾಗುವ ಬದಲು ಮುರಿಯುತ್ತದೆ. ಹಸಿ ರೀಪನ್ನು ನೇರವಾಗಿ ಪೆಟ್ಟಿಗೆಗೆ ತುರುಕಿದರೆ ಸೀಳುತ್ತದೆ. ಎರಡೂ ಕಡಿತದ ಮುಖಗಳಿಗೆ ಫೆವಿಕಾಲ್ ಬಳಿದು ಎರಡು ಮೂರು ವಾರ ನೆರಳಿನಲ್ಲಿ ಒಣಗಿಸಿದ ಮೇಲೆ ಪೆಟ್ಟಿಗೆ.

ಮರ ಒಣಗಿದ್ದೂ ಬಾಗು ಉಳಿದರೆ ಬಿಲ್ಲು ಗಿಡ್ಡ. 28 ಇಂಚು ಎಳೆಯಲು 72 ಇಂಚು ಉದ್ದ ಬೇಕು. 66 ಇಂಚಿನ ಬಿಲ್ಲನ್ನು 26 ಇಂಚಿಗೇ ನಿಲ್ಲಿಸಿ.

ಒಣಗಿಸಿ ಮಾಡಿದ ಬಿಲ್ಲು ಮತ್ತೆ ತೇವ ಕುಡಿಯದಂತೆ ಮೇಲುಹೊದಿಕೆ ಬೇಕೇಬೇಕು. ಅರಗಿನ ಪಾಲಿಶ್ ಐದಾರು ಕೈ, ಅದರ ಮೇಲೆ ಪಿಯು ವಾರ್ನಿಶ್. ತೆಂಗಿನೆಣ್ಣೆ ಹಚ್ಚಿದರೆ ಹೊಳಪು ಬಂದೀತು, ಗಾಳಿಯ ತೇವ ನಿಲ್ಲದು. ದೋಣಿಗೂ ಮಾಡಿನ ಪಕ್ಕಾಸಿಗೂ ಬಳಿಯುವ ಗೇರು ಸಿಪ್ಪೆಯ ಎಣ್ಣೆ ಬಿಲ್ಲಿಗೆ ಬೇಡವೇ ಬೇಡ. ಹಿಡಿದ ಅಂಗೈಯಲ್ಲಿ ಬೊಕ್ಕೆ ಏಳುತ್ತದೆ.

ಬೇಸಿಗೆಯಲ್ಲಿ 40 ಪೌಂಡ್ ಇದ್ದದ್ದು ಮಳೆಗಾಲದಲ್ಲಿ 36

ದೋಷವಲ್ಲ, ತೇವ. ಆ ತಿಂಗಳುಗಳಲ್ಲಿ ಹೆದೆ ಏರಿಸಿಟ್ಟು ಬಿಡಬೇಡಿ, ಕಡಿಮೆ ಎಳೆಯಿರಿ. ಇದರ ತಲೆಕೆಳಗು ಕೂಡ ನಿಜ: ಇಲ್ಲಿ ಮಾಡಿದ ಬಿಲ್ಲನ್ನು ಏಪ್ರಿಲ್‌ನಲ್ಲಿ ಘಟ್ಟ ಹತ್ತಿಸಿ ಬಳ್ಳಾರಿಗೋ ಕಲಬುರಗಿಗೋ ಒಯ್ದರೆ ಮರ ಒಣಗಿ ಭಾರ ಏರುತ್ತದೆ, ಮುರಿಯುವ ಅಪಾಯವೂ ಏರುತ್ತದೆ.

ಮೊದಲಿಂದಲೇ ಭಾರ ಹೆಚ್ಚಿದ್ದರೆ ನಿಧಾನವಾಗಿ ಇಳಿಸಿ. ತೋಳಿನ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ: 12 ಮಿಲಿಮೀಟರ್ ದಪ್ಪವನ್ನು 11 ಮಾಡಿದರೆ ಬಿಗಿಯ ಶೇಕಡ 23 ಹೋಯಿತು. ಅಗಲವನ್ನು ಅಷ್ಟೇ ಪಾಲು ತೆಗೆದರೆ ಹೋಗುವುದು ಶೇಕಡ 8. ಕೊನೆಯ ಐದು ಪೌಂಡ್ ಇಳಿಸುವಾಗ ಅರ ಬದಿಗಿಟ್ಟು 80 ನಂಬರಿನ ಸ್ಯಾಂಡ್ ಪೇಪರ್ ಹಿಡಿಯಿರಿ.

ಒಂದು ತೋಳು ಹೆಚ್ಚು ಬಾಗುತ್ತದೆ, ಅಥವಾ ಒಂದೇ ಜಾಗದಲ್ಲಿ ಮಡಚುತ್ತದೆ

ಎರಡು ತೋಳಿನ ಹೋಲಿಕೆಗೆ ಇಳಿಜಾರು ಮುಗಿಯುವ ಕಡೆ ಹೊಟ್ಟೆಯಿಂದ ಹೆದೆಗೆ ಅಳೆಯಿರಿ. ಮೇಲಿನ ತೋಳಿನಲ್ಲಿ 3ರಿಂದ 6 ಮಿಲಿಮೀಟರ್ ಹೆಚ್ಚಿದ್ದರೆ ಅದೇ ಸರಿ. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಗಟ್ಟಿ ತೋಳಿನಿಂದ ಮರ ತೆಗೆಯಬೇಕು.

ಒಂದೇ ಕಡೆ ಮಡಚುವುದು ಇದಕ್ಕಿಂತ ಗಂಭೀರ. ಬಾಗೆಲ್ಲ ಆ ನಾಲ್ಕು ಬೆರಳಗಲದಲ್ಲೇ ನಡೆದು, ಮುಂದೆ ಬಿಲ್ಲು ಮುರಿಯುವುದೂ ಅಲ್ಲೇ. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ, ಅದರಲ್ಲೂ ಹಿಡಿಯಿಂದ ತುದಿಗೆ ಅಗಲ ಕಡಿಮೆಯಾಗುವ ತೋಳಿನಲ್ಲಿ. 15 ಸೆಂಟಿಮೀಟರಿನ ನೆಟ್ಟಗಿನ ಮರದ ತುಂಡಿಗೆ ನಡುವೆ ತೂತು ಕೊರೆದು ಪೆನ್ಸಿಲ್ ತುರುಕಿ. ಹೆದೆ ಏರಿಸಿದ ಬಿಲ್ಲಿನ ಹೊಟ್ಟೆಯ ಮೇಲೆ, ಅತಿ ಹೆಚ್ಚು ಬಾಗಿದ ಜಾಗದಲ್ಲಿ ತುಂಡನ್ನಿಟ್ಟು ಪೆನ್ಸಿಲಿನ ಮೊನೆ ಮರಕ್ಕೆ ತಾಗೀತು ತಾಗದು ಎನ್ನುವಷ್ಟಕ್ಕೆ ನಿಲ್ಲಿಸಿ. ಈಗ ತುಂಡನ್ನು ತೋಳಿನುದ್ದ ಜಾರಿಸಿದರೆ ಕಡಿಮೆ ಬಾಗುವ ಕಡೆಯೆಲ್ಲ ಗೆರೆ ಬೀಳುತ್ತದೆ. ಗೆರೆ ಬಿದ್ದಲ್ಲಿ ಮಾತ್ರ ಉಜ್ಜಿ. ಮಡಚುವ ಜಾಗಕ್ಕೆ ಕೈ ಹಚ್ಚಬೇಡಿ. ಪ್ರತಿ ಸಲ ಉಜ್ಜಿದ ಮೇಲೂ ಬಿಲ್ಲನ್ನು ಅರ್ಧ ಎಳೆತಕ್ಕೆ ಇಪ್ಪತ್ತು ಮೂವತ್ತು ಸಲ ಎಳೆದು ಸಡಿಲಿಸಿ. ಹೊಸ ದಪ್ಪ ಬಾಗಿನಲ್ಲಿ ಕಾಣಿಸಿಕೊಳ್ಳಲು ಅಷ್ಟು ಬೇಕು. ಇದನ್ನು ಬಿಟ್ಟವರೇ ಹೆಚ್ಚು ಮರ ತೆಗೆದು ಹಾಳು ಮಾಡುವುದು.

ಸರಿಮಾಡುವಷ್ಟರಲ್ಲಿ ಭಾರ ಐದಾರು ಪೌಂಡ್ ಇಳಿದಿರುತ್ತದೆ. ಒಪ್ಪಿಕೊಳ್ಳಿ. ಮಕ್ಕಳ ಬಿಲ್ಲಾಗಿ ಉಳಿಯುವುದು ಮುರಿದ ಬಿಲ್ಲಿಗಿಂತ ಒಳ್ಳೆಯದು.

ಎಳೆಯುವಾಗ 'ಟಿಕ್' ಎಂದಿತು

ಅಲ್ಲೇ ನಿಲ್ಲಿಸಿ, ಮೆಲ್ಲಗೆ ಸಡಿಲಿಸಿ, ಹೆದೆ ಇಳಿಸಿ. ಇನ್ನೊಮ್ಮೆ ಎಳೆದು ಸದ್ದು ಕೇಳುವ ಆಸೆ ಬೇಡ.

ಹೆದೆಯ ಕುಣಿಕೆ ಕೊಪ್ಪಿನಲ್ಲಿ ಜಾರಿ ಕೂತಾಗಲೂ ಸದ್ದು ಬರುತ್ತದೆ. ಅಲ್ಲಿ ಮೇಣ ಸವರಿ ನೋಡಿ. ಅದಲ್ಲದಿದ್ದರೆ ಬೆನ್ನಿನುದ್ದಕ್ಕೂ ಹತ್ತಿಯ ಉಂಡೆಯನ್ನು ಎರಡೂ ದಿಕ್ಕಿಗೆ ಎಳೆಯಿರಿ. ನಾರು ಎದ್ದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಬೆರಳಿನಲ್ಲಿ ಸವರಿದರೆ ಸಿಬುರು ಚುಚ್ಚುತ್ತದೆ. ಆಮೇಲೆ ಹಿಡಿಯ ಅಂಟು ಗೆರೆ, ಕೊನೆಗೆ ಹೊಟ್ಟೆ. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಕೂದಲೆಳೆಯ ಬಿರುಕೂ ನೆರಳು ಕೊಡುತ್ತದೆ.

ಬೆನ್ನಿನಲ್ಲಿ ಸಿಬುರು ಎದ್ದಿದೆ

ಎರಡು ಮೂರು ಸೆಂಟಿಮೀಟರಿನ ಸಣ್ಣ ಸಿಬುರು, ಅಂಚಿಗೆ ಓಡಿಲ್ಲ ಎಂದಾದರೆ ಫೆವಿಕ್ವಿಕ್ ಬಿಟ್ಟು ಒತ್ತಿ ಹಿಡಿದು, ಒಣಗಿದ ಮೇಲೆ ಆ ಜಾಗಕ್ಕೆ ನೂಲು ಒತ್ತಾಗಿ ಸುತ್ತಿ ಅಂಟಿನಿಂದ ಮುಚ್ಚಿ. ಅಂಚಿಗೆ ಓಡಿದ್ದರೆ ಪಟ್ಟಿಯ ಆಯ್ಕೆಯೇ ತಪ್ಪಿದೆ.

ನಾರು ಎಲ್ಲಿ ಓಡುತ್ತದೆ ಎಂದು ತಿಳಿಯಲು ಬೆನ್ನಿನ ಮೇಲೆ ಒಂದು ತೊಟ್ಟು ಪೆನ್ನಿನ ಶಾಯಿ ಹಾಕಿ. ಶಾಯಿ ನಾರಿನ ದಿಕ್ಕಿಗೇ ಹರಡುತ್ತದೆ. 20 ಸೆಂಟಿಮೀಟರ್ ಉದ್ದಕ್ಕೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಹೋದರೆ ಆ ಪಟ್ಟಿ ಬಿಲ್ಲಿಗಲ್ಲ. ಅಂಚಿನ ಮುಖದಲ್ಲೂ ಇದೇ ಪರೀಕ್ಷೆ ಮಾಡಿ. ಮೇಲ್ಮುಖ ನೇರವಿದ್ದು ಅಂಚಿನಲ್ಲಿ ಓರೆಯಿರುವ ಪಟ್ಟಿಗಳೇ ಹೆಚ್ಚು ಮೋಸ ಮಾಡುವುದು.

ನಮ್ಮ ಕಡೆಯ ಹಲವು ಗಟ್ಟಿ ಮರಗಳಲ್ಲಿ ಇನ್ನೊಂದು ತೊಡಕಿದೆ. ನಾರು ಒಂದು ಪದರದಲ್ಲಿ ಎಡಕ್ಕೂ ಮುಂದಿನದರಲ್ಲಿ ಬಲಕ್ಕೂ ಹೆಣೆದುಕೊಂಡಿರುತ್ತದೆ. ಕಿರಾಲ್‌ಬೋಗಿಯಂಥ ಮರಕ್ಕೆ ಯಾವ ದಿಕ್ಕಿನಿಂದ ಕೀಸುಳಿ ಹಾಕಿದರೂ ಪಟ್ಟೆ ಪಟ್ಟೆಯಾಗಿ ಕಿತ್ತು ಬರುವುದು ಇದಕ್ಕೇ. ತುದಿಯಿಂದ 15 ಸೆಂಟಿಮೀಟರ್ ತುಂಡು ಕತ್ತರಿಸಿ ಉಳಿ ಇಟ್ಟು ಸೀಳಿ ನೋಡಿ: ಸೀಳು ನೇರ, ನಯವಾಗಿ ಬಂದರೆ ಪಟ್ಟಿ ಆದೀತು; ತಿರುಚಿ, ಹರಿದುಕೊಂಡು ಬಂದರೆ ಬಾಗಿಲ ದಾರಂದಕ್ಕೆ ಇಡಿ. ರಬ್ಬರ್ ಮರದ ತುಂಡುಗಳನ್ನು ಹಲ್ಲುಹಲ್ಲಾಗಿ ಜೋಡಿಸಿ ಮಾರುವ ಪಟ್ಟಿ, ಪ್ಲೈವುಡ್, ಎಂಡಿಎಫ್, ಇವುಗಳ ಹತ್ತಿರ ಸುಳಿಯಬೇಡಿ. ನೇರ ನಾರಿನ ಸಾಗುವಾನಿ ನಡೆಯುತ್ತದೆ, ಬೆನ್ನಿಗೆ ಹೊದಿಕೆ ಇದ್ದರೆ ಮಾತ್ರ. ಸ್ಟೀಮ್ ಬೀಚ್ ಎಂಬ ಆಮದು ಮರ ಸಿಕ್ಕಿದರೆ ಅದೇ ಮೊದಲ ಆಯ್ಕೆ. ಯಾವ ಮರ ಎಂದು ಗೊತ್ತಾಗದಿದ್ದರೆ ಹಳೆಯ ಆಚಾರಿಯೊಬ್ಬರಿಗೆ ತೋರಿಸಿ. ಒಂದು ಸಿಪ್ಪೆ ಕೀಸಿ ನೋಡಿದರೆ ಅವರಿಗೆ ತಿಳಿಯುತ್ತದೆ.

ಬೆನ್ನಿಗೆ ಲಿನನ್ ಅಥವಾ ಗಟ್ಟಿ ರೇಷ್ಮೆ ಬಟ್ಟೆ ಅಂಟಿಸಿದರೆ ಸಣ್ಣ ಸಿಬುರು ಏಳುವುದು ತಪ್ಪುತ್ತದೆ. ಓರೆ ನಾರಿನ ಪಟ್ಟಿ ಅದರಿಂದ ನೇರವಾಗದು. ಮೂರು ಮಿಲಿಮೀಟರ್ ದಪ್ಪದ ಬಿದಿರ ಸೀಳು ನಿಜಕ್ಕೂ ಬಲ ಕೊಡುತ್ತದೆ, ಆದರೆ ಮೆದು ಮರದ ಹೊಟ್ಟೆಗೆ ಆ ಬಲವೇ ಹೆಚ್ಚಾಗಿ ಮುಂದಿನ ದೋಷ ಶುರುವಾಗುತ್ತದೆ.

ಹೊಟ್ಟೆಯ ಮೇಲೆ ಅಡ್ಡಡ್ಡ ಸಣ್ಣ ಗೆರೆ

ಉಗುರಿನಲ್ಲಿ ಗೀರಿದರೆ ತಡೆಯುವ, ನಾರಿಗೆ ಅಡ್ಡವಾದ ಗೆರೆ ಎಂದರೆ ಅಲ್ಲಿ ನಾರು ಒತ್ತಡಕ್ಕೆ ಕುಸಿದಿದೆ. ಅಂಟಿನಿಂದ ಸರಿಹೋಗುವುದಿಲ್ಲ. ಒಂದೇ ಗೆರೆ ಇದ್ದರೆ ಉಳಿದ ಭಾಗವನ್ನು ತೆಳು ಮಾಡಿ ಭಾರ ಐದಾರು ಪೌಂಡ್ ಇಳಿಸಿ, ಎಳೆತ ಎರಡಿಂಚು ಕಡಿಮೆ ಮಾಡಿ, ಪ್ರತಿ ಸಲ ಬಳಸಿದ ಮೇಲೂ ನೋಡುತ್ತಿರಿ. ಮೂರು ನಾಲ್ಕು ಗೆರೆ ಒಟ್ಟಿಗೆ ಬಂದಿದ್ದರೆ ಬಿಡಿ. ಉದ್ದುದ್ದಕ್ಕೆ, ನಾರಿನ ಜೊತೆಗೇ ಓಡುವ ಬಿರುಕು ಹೆಚ್ಚಿನ ಸಲ ಒಣಗುವಾಗ ಬಂದದ್ದು, ಹೆದರಬೇಕಿಲ್ಲ. ತೆಳು ಅಂಟು ಕುಡಿಸಿದರೆ ಸಾಕು.

ಹಿಡಿಯ ತುಂಡು ಕಳಚಿ ಬಂದಿದೆ

ಇಳಿಜಾರಿನ ಕೊನೆ ಕಾಗದದಷ್ಟು ತೆಳುವಾಗಿ ಮುಗಿದಿದೆಯೇ ನೋಡಿ. ದಪ್ಪ ಮೆಟ್ಟಿಲಾಗಿ ನಿಂತಿದ್ದರೆ ಅದರ ಕೆಳಗೆ ತೋಳು ಬಾಗಿದಾಗ ಅಂಟು ಮೀಟಿ ಬರುತ್ತದೆ. ಎರಡೂ ಕಡೆ ಐದೈದು ಸೆಂಟಿಮೀಟರ್ ಇಳಿಜಾರು ಬೇಕು. ಸಾಗುವಾನಿಯ ಎಣ್ಣೆ ಅಂಟನ್ನು ಹಿಡಿಯಗೊಡದು. ಮುಖಗಳನ್ನು ಹೊಸದಾಗಿ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಆರಿದ ಕೂಡಲೇ ಅಂಟಿಸಿ. ಸಾಮಾನ್ಯ ಫೆವಿಕಾಲ್ ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್ ಬಳಸಿ, ಕ್ಲ್ಯಾಂಪ್ ಹದವಾಗಿ ಬಿಗಿಯಿರಿ. ಅತಿ ಬಿಗಿದರೆ ಅಂಟೆಲ್ಲ ಹೊರಗೆ ಹೋಗಿ ನಡುವೆ ಏನೂ ಉಳಿಯುವುದಿಲ್ಲ. 24 ಗಂಟೆ ಮುಟ್ಟಬೇಡಿ.

ಸಣ್ಣ ತೂತು, ಕೆಳಗೆ ಹಿಟ್ಟು

ಕುಟ್ಟೆ ಹುಳ. ಮಾವು, ರಬ್ಬರ್ ಮರಗಳಲ್ಲಿ ಬೇಗ ಬರುತ್ತದೆ. ಹೊರಗೆ ಒಂದು ತೂತು ಕಂಡರೆ ಒಳಗೆ ಎಷ್ಟು ತಿಂದಿದೆಯೋ ಹೇಳಲಾಗದು. ಆ ಬಿಲ್ಲನ್ನು ಎಳೆಯಬೇಡಿ.

ಎಲ್ಲಿ ನಿಲ್ಲಿಸಬೇಕು

ಬೆನ್ನಿಗೆ ಅಡ್ಡವಾಗಿ ಬಿರುಕು ಬಿಟ್ಟಿದ್ದರೆ, ಸಿಬುರು ಅಂಚು ದಾಟಿದ್ದರೆ, ಹೊಟ್ಟೆಯಲ್ಲಿ ಗೆರೆಗಳ ಗುಂಪು ಇದ್ದರೆ, ಕುಟ್ಟೆ ಹಿಡಿದಿದ್ದರೆ ದುರಸ್ತಿಯ ಮಾತಿಲ್ಲ. ಬಿಲ್ಲು ಸರಿಯಿದ್ದೂ ಬಾಣ ಒಂದೇ ಕಡೆ ಹೋಗದಿದ್ದರೆ ಮರವನ್ನು ದೂರದೆ ಬಿಲ್ಲುಗಾರಿಕೆ ಕಲಿಸುವ ತರಬೇತುದಾರರ ಎದುರು ನಾಲ್ಕು ಬಾಣ ಬಿಟ್ಟು ತೋರಿಸಿ. ಕೆಂಪುಕಲ್ಲಿನ ಕಾಂಪೌಂಡ್ ಗೋಡೆಯನ್ನು ಗುರಿ ಮಾಡಿದರೆ ಬಾಣ ನಿಮ್ಮ ಕಡೆಗೇ ಚಿಮ್ಮುತ್ತದೆ; ಬೈಹುಲ್ಲಿನ ಕಟ್ಟುಗಳನ್ನು ಒತ್ತೊತ್ತಾಗಿ ಪೇರಿಸಿ, ಹಿಂದೆ ಯಾರೂ ನಡೆದಾಡದ ಕಡೆ ಇಡಿ. ಕಾಡುಪ್ರಾಣಿ, ಹಕ್ಕಿಗಳ ಮೇಲೆ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಮುರಿದ ತೋಳಿನ ಚೂರು ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಕೀಳಲೂ ಹೋಗಬೇಡಿ; ಕಣ್ಣನ್ನು ಒತ್ತದಂತೆ ಲೋಟವೊಂದನ್ನು ಮುಚ್ಚಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ. ಇನ್ನು ಕೈಬಿಟ್ಟ ಬಿಲ್ಲನ್ನು ಮೂಲೆಯಲ್ಲಿ ನಿಲ್ಲಿಸಿಡಬೇಡಿ. ಮಕ್ಕಳ ಕೈಗೆ ಸಿಗುವ ಮೊದಲು ಹಿಡಿಯ ಹತ್ತಿರ ಗರಗಸ ಹಾಕಿ ಎರಡು ತುಂಡು ಮಾಡಿ.